ಸೋರಿಯಾಸಿಸ್ ಲೆಕ್ಕಕ್ಕೆ ನಮ್ಮ ಸೀಮೆಯೂ ಸೇರಲಿ

ಮೊಣಕೈ ಮೇಲೆ ದಪ್ಪನೆಯ ತೇಪೆ, ಕೆರೆದರೆ ಕಾಗೆಬಂಗಾರದಂತೆ ಉದುರುವ ಬೆಳ್ಳನೆಯ ಹೊಟ್ಟು: ಸೋರಿಯಾಸಿಸ್ ಎಂಬ ಚರ್ಮರೋಗದ ಈ ಗುರುತು ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲೂ ಒಂದೇ, ಜರ್ಮನಿಯಲ್ಲೂ ಒಂದೇ. ಆದರೆ ಬಿಳಿ ಮೈಮೇಲೆ ಕೆಂಪಗೆ ಎದ್ದು ಕಾಣುವ ತೇಪೆ ನಮ್ಮ ಕಪ್ಪು ಮೈಮೇಲೆ ನೇರಳೆಗೋ ಬೂದಿ ಬಣ್ಣಕ್ಕೋ ತಿರುಗಿರುತ್ತದೆ. ಹಾಗಾಗಿ ಹುಳುಕಡ್ಡಿ ಎಂದು ತಪ್ಪು ತಿಳಿಯುವುದು ಸುಲಭ. ಕಣ್ಣಿಗೆ ಕಾಣುವುದೇ ಇಷ್ಟು ಬೇರೆಯಾಗಿರುವಾಗ, ಈ ರೋಗದ ಹಿಂದಿರುವ ಕಾಣದ ವಂಶವಾಹಿಯ ಲೆಕ್ಕವನ್ನು ಪರದೇಶದಿಂದ ಎರವಲು ತಂದರೆ ಸಾಲದು. ನಮ್ಮ ಜನರ ನಡುವೆಯೇ ಅದನ್ನು ಹಾಕಬೇಕು.

ಸೋರಿಯಾಸಿಸ್ ಅಂಟುರೋಗವಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಚರ್ಮದ ಮೇಲೇ ತಿರುಗಿಬೀಳುತ್ತದೆ. ಸುಮಾರು ತಿಂಗಳಿಗೆ ಹೊಸದಾಗಬೇಕಾದ ಮೇಲ್ಚರ್ಮ ಕೆಲವೇ ದಿನಗಳಲ್ಲಿ ಬೆಳೆದು ಉದುರುತ್ತದೆ. ಇದಕ್ಕೆ ಎಡೆಮಾಡುವ ವಂಶವಾಹಿ ರೂಪಗಳಲ್ಲಿ ಮುಖ್ಯವಾದುದು ಆರನೇ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ-ಸಿ 06:02. ಯುರೋಪ್ ಮೂಲದವರಲ್ಲಿ ಎಳೆವಯಸ್ಸಿಗೇ ರೋಗ ಕಾಣಿಸಿಕೊಂಡವರ ಪೈಕಿ ಇದು ಬಹಳ ಸಾಮಾನ್ಯ, ಜಪಾನಿಯರಲ್ಲಿ ಅಪರೂಪ. ಕೋಲ್ಕತ್ತದ ಸಂಶೋಧಕರು ಪೂರ್ವ ಭಾರತದ ರೋಗಿಗಳಲ್ಲೂ ಇದರ ನಂಟನ್ನು ತೋರಿಸಿದ್ದಾರೆ. ಆದರೆ ಅಲ್ಲಿನ ಲೆಕ್ಕ ನಮ್ಮ ಸೀಮೆಯ ಕೂಡ್ಲಿಗಿ, ಕೊಟ್ಟೂರು, ಹಡಗಲಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ತಲೆತಲಾಂತರದಿಂದ ತಂತಮ್ಮೊಳಗೇ ಹೆಣ್ಣು ಕೊಟ್ಟು ತಂದ, ಸೋದರಮಾವನಿಗೇ ಮದುವೆ ಮಾಡಿಕೊಟ್ಟ ಸಮುದಾಯಗಳಲ್ಲಿ ಒಂದು ವಂಶವಾಹಿಯ ಪ್ರಮಾಣ ನೆರೆಯ ಕೇರಿಗಿಂತಲೂ ಬೇರೆಯಾಗಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಮಂದಿಯ ಜೀನೋಮ್, ಅಂದರೆ ಇಡೀ ವಂಶವಾಹಿ ಸರಣಿ, ಓದಲಾಯಿತು; 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆಯಿತು. ಆದರೆ ಅವರೆಲ್ಲ ಆರೋಗ್ಯವಂತರು. ಪಕ್ಕದಲ್ಲಿಟ್ಟು ಹೋಲಿಸಲು ರೋಗಿಗಳ ಪಟ್ಟಿ ಬೇಕು. ಅದು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಚರ್ಮರೋಗ ವಿಭಾಗದಿಂದಲೇ ಶುರುವಾಗಬೇಕು.

ಮುಲಾಮಿಗೇ ಪರದಾಡುವಾಗ ವಂಶವಾಹಿ ಪರೀಕ್ಷೆ ಏಕೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಮುಲಾಮು, ಮೆಥೊಟ್ರೆಕ್ಸೇಟ್‌ನಂಥ ಮದ್ದು ಮೊದಲು ಕೈಗೆ ಸಿಗಲೇಬೇಕು. ಆದರೆ ಉಸ್ಟೆಕಿನುಮಾಬ್ ಎಂಬ ದುಬಾರಿ ಚುಚ್ಚುಮದ್ದು ಎಚ್‌ಎಲ್‌ಎ-ಸಿ 06:02 ವಂಶವಾಹಿ ಇರುವವರಲ್ಲಿ ಹೆಚ್ಚು ಫಲ ಕೊಡುವುದು ಕಂಡುಬಂದಿದೆ. ನಮ್ಮವರಲ್ಲಿ ಅದು ಹೇಗೆ ಎಂದು ಮೊದಲೇ ತಿಳಿದರೆ, ಹೊಲ ಅಡವಿಟ್ಟು ತಂದ ಹಣ ನಾಟದ ಮದ್ದಿಗೆ ಸುರಿಯುವುದು ತಪ್ಪೀತು. ಜಾತಿಗೊಂದು ರೋಗದ ಹಣೆಪಟ್ಟಿ ಬಿದ್ದೀತು ಎಂಬ ಅಂಜಿಕೆ ಇನ್ನೂ ದೊಡ್ಡದು. ಅದಕ್ಕೆ ವಿಜ್ಞಾನವೇ ಉತ್ತರ ಕೊಡುತ್ತದೆ: ಈ ವಂಶವಾಹಿ ಇರುವ ಬಹುಪಾಲು ಜನರಿಗೆ ಸೋರಿಯಾಸಿಸ್ ಬರುವುದೇ ಇಲ್ಲ, ಒಂದೇ ವಂಶವಾಹಿ ಹೊತ್ತ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರಬಹುದು. ಸಮುದಾಯಗಳ ನಡುವೆ ಬದಲಾಗುವುದು ಪ್ರಮಾಣ ಮಾತ್ರ, ಯಾರ ರಕ್ತವೂ ಕೆಟ್ಟದ್ದಲ್ಲ. ರೋಗಿಯ ಒಪ್ಪಿಗೆ ಪಡೆದು, ಹೆಸರು ಗುಟ್ಟಾಗಿಟ್ಟು ನಡೆಸುವ ಅಧ್ಯಯನ ಈ ಮಾತನ್ನು ಊರಿಗೂ ತಿಳಿಸಬೇಕು. ಮೊಣಕೈಯ ತೇಪೆ ಮುಚ್ಚಿಕೊಳ್ಳಲು ಸುಡುಬಿಸಿಲಲ್ಲೂ ತುಂಬುತೋಳಿನ ರವಿಕೆ ತೊಡುವ ಹುಡುಗಿಗೆ ಮದ್ದಿನಷ್ಟೇ ಈ ತಿಳಿವೂ ಸಲ್ಲಬೇಕು.