ಮೊಳಕೆ ಕಟ್ಟುವ ಕ್ರಮವೂ ಕಾಳಿನ ಗುಣವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಖುಷ್ಕಿ ಭೂಮಿಯಲ್ಲಿ ಹೊಗೆಸೊಪ್ಪಿನ ಬೆಳೆಯು ವಿಶೇಷವಾಗಿ ಹಬ್ಬಿರುವುದು ಸರ್ವವಿದಿತ. ಅದು ಹಣವನ್ನು ತರುವುದೇ ಹೊರತು ಹೊಟ್ಟೆಗೆ ಒದಗದು. ಮನೆಯವರ ಮತ್ತು ಆಳುಗಳ ದೇಹಪುಷ್ಟಿಗೆ ರಾಗಿ, ಹುರುಳಿ, ಅವರೆ, ಅಲಸಂದೆಗಳೇ ಆಧಾರ. ಇವುಗಳನ್ನು ಮೊಳಕೆ ಕಟ್ಟಿ ಉಣ್ಣುವ ಪದ್ಧತಿಯು ಪೂರ್ವದಿಂದಲೂ ಉಂಟು. ಆದರೆ ಮೊಳೆತ ಮಾತ್ರಕ್ಕೆ ಕಾಳಿನ ಗುಣಗಳೆಲ್ಲವೂ ಹೆಚ್ಚುವುವೆಂಬ ನಂಬಿಕೆಯು ಪೂರ್ಣವಾಗಿ ಸರಿಯಲ್ಲ. ಗುಣವು ಮೊಳಕೆ ಕಟ್ಟುವ ಕ್ರಮವನ್ನು ಅನುಸರಿಸಿರುತ್ತದೆ.

ನೇಗಿಲ ಗುಳಕ್ಕೆ ತುಕ್ಕು ಹಿಡಿಯುವಂತೆ ಆಮ್ಲಜನಕದ ವ್ಯಾಪಾರದಿಂದ ದೇಹದೊಳಗೂ ಸವೆತ ಉಂಟಾಗುತ್ತದೆ. ಅದನ್ನು ತಡೆಯುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ಇವುಗಳಲ್ಲೊಂದಾದ ‘ಸಿ’ ಜೀವಸತ್ತ್ವವು ಒಣಗಿದ ಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಕಾಳು ಮೊಳೆಯುವಾಗ ಅದು ಹೊಸದಾಗಿ ಹುಟ್ಟುತ್ತದೆ. ರಾಗಿ ಮತ್ತು ಹುರುಳಿಯ ಸಿಪ್ಪೆಯಲ್ಲಿರುವ ಒಗರು ವಸ್ತುಗಳೂ ಇದೇ ವರ್ಗದವು. ಆದರೆ ಇವು ನೆನೆಸಿದ ನೀರಿಗೆ ಒಂದು ಭಾಗ ಇಳಿದುಹೋಗುತ್ತವೆ. ರಾಗಿಯಲ್ಲಿ ಮೊಳಕೆ ಬೆಳೆದಂತೆ ಮತ್ತಷ್ಟು ತಗ್ಗುತ್ತವೆ. ಇದು ಕೇವಲ ನಷ್ಟವಲ್ಲ. ಒಗರು ತಗ್ಗಿದಷ್ಟೂ ಕಾಳಿನಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಚೆನ್ನಾಗಿ ದಕ್ಕುತ್ತದೆ.

ಆದಕಾರಣ ಮಿತವೇ ಇಲ್ಲಿ ಹಿತ. ಕಾಳನ್ನು ತೊಳೆದು ಒಂದು ರಾತ್ರಿ ಮಾತ್ರ ನೆನೆಸಿ, ನೀರು ಬಸಿದು, ಗಾಳಿಯಾಡುವಂತೆ ಒದ್ದೆ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸತಕ್ಕದ್ದು. 25ರಿಂದ 30 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಒಂದೆರಡು ದಿನಗಳೊಳಗೆ ಮೊಳಕೆ ಬರುತ್ತದೆ. ಮಾಗಿಯ ಚಳಿಯಲ್ಲಿ ತಡವಾಗುವುದು. ಬೇಸಗೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಲೋಳೆಗಟ್ಟಿ ಕೆಡುವುದು. ಕೆಟ್ಟದ್ದನ್ನು ಬಿಸಾಡತಕ್ಕದ್ದು. ಮೊಳೆತ ಕಾಳನ್ನು ಬೇಯಿಸಿ ಉಣ್ಣುವುದು ಕ್ಷೇಮ. ಅತಿಯಾಗಿ ಕುದಿಸಿದರೆ ‘ಸಿ’ ಜೀವಸತ್ತ್ವವು ನಾಶವಾಗುತ್ತದೆ. ಬೆಂದ ಕಟ್ಟನ್ನು ಚೆಲ್ಲದೆ ಬಸ್ಸಾರಿಗೆ ಬಳಸುವ ಈ ಸೀಮೆಯ ವಾಡಿಕೆಯು ಮೆಚ್ಚತಕ್ಕದ್ದು. ನೀರಿಗಿಳಿದ ಸತ್ತ್ವದಲ್ಲಿ ಉಳಿದದ್ದು ಊಟಕ್ಕೇ ಸೇರುತ್ತದೆ.

ಒಂದು ಎಚ್ಚರಿಕೆ ಅತ್ಯಗತ್ಯ. ಬಿತ್ತನೆಗೆಂದು ಔಷಧಿ ಬೆರೆಸಿದ ಬೀಜವನ್ನು, ಎಷ್ಟು ತೊಳೆದರೂ, ಮೊಳಕೆ ಕಟ್ಟಿ ತಿನ್ನಲೇ ಕೂಡದು. ಅಂತಹ ಚೀಲಗಳನ್ನು ಗುರುತು ಹಾಕಿ ಬೇರೆಯಾಗಿ ಇರಿಸತಕ್ಕದ್ದು.

ಗ್ರಾಮದ ಮುಖಂಡರೂ ಹಿಡುವಳಿದಾರರೂ ಹೊಗೆಸೊಪ್ಪಿನ ಹೊಲದ ಮಗ್ಗುಲಲ್ಲಿ ರಾಗಿ, ಹುರುಳಿಗಳಿಗೂ ಅಷ್ಟಿಷ್ಟು ನೆಲವನ್ನು ಉಳಿಸುವುದು ಉಚಿತ. ಎತ್ತಿಗೆ ಹುರುಳಿಯಿಟ್ಟು ದುಡಿಸುವ ಯಜಮಾನನು, ದುಡಿಯುವ ಆಳಿನ ಮತ್ತು ಬೆಳೆಯುವ ಮಗುವಿನ ತಟ್ಟೆಯನ್ನೂ ನೋಡತಕ್ಕದ್ದು ನ್ಯಾಯವಾಗಿದೆ.