ನೇರಲಹಣ್ಣು ತಿನ್ನಿ, ಗುಳಿಗೆ ಬಿಡಬೇಡಿ

ಕಾರಹುಣ್ಣಿಮೆ ಬಂತೆಂದರೆ ನಮ್ಮ ಕುರ್ಡಿ, ಮಾನ್ವಿ ಕಡೆ ನೇರಲಹಣ್ಣಿನ ಕಾಲ. ಮೊದಲೆಲ್ಲ ನಾಲಿಗೆ ನೀಲಿ ಮಾಡಿಕೊಳ್ಳುವ ಮಕ್ಕಳಿಗೇ ಇದು ಬೇಕಿತ್ತು. ಈಗ ಹುಡುಕಿಕೊಂಡು ಹೋಗುವವರು ಸಿಹಿಮೂತ್ರ ರೋಗದವರು. ಬೀಜ ಒಣಗಿಸಿ ಪುಡಿ ಮಾಡಿಕೊಳ್ಳುತ್ತಾರೆ. ಅಷ್ಟು ತಾಳ್ಮೆ ಇಲ್ಲದವರು ಅಂಗಡಿಯಿಂದ ರಸದ ಬಾಟ್ಲಿ ತರುತ್ತಾರೆ. “ಇದನ್ನ ಕುಡಿದರ ಗುಳಿಗಿ ಬೇಕಾಗಂಗಿಲ್ಲಂತ, ಹೌದೇನ್ರಿ ಅಕ್ಕಾ?” ಎಂದು ನನ್ನನ್ನೂ ಕೇಳುತ್ತಾರೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆಯುರ್ವೇದದಲ್ಲಿ ನೇರಳೆ ಬೀಜಕ್ಕೆ ಹಳೆಯ ಹೆಸರಿದೆ. 1921ರಲ್ಲಿ ಕೆನಡಾದಲ್ಲಿ ಇನ್ಸುಲಿನ್ ಕಂಡುಹಿಡಿಯುವ ಮುಂಚೆ ಯುರೋಪಿನ ವೈದ್ಯರೂ ಈ ಬೀಜವನ್ನು ಕೊಟ್ಟು ನೋಡುತ್ತಿದ್ದರು. ಬೀಜದ ಸಾರ ಕೊಟ್ಟ ಇಲಿಗಳಲ್ಲಿ ರಕ್ತದ ಸಕ್ಕರೆ ಇಳಿದದ್ದೂ ಉಂಟು. ಆದರೆ ಇಲಿ ಬೇರೆ, ನಮ್ಮ ಮನೆಯ ಯಜಮಾನರು ಬೇರೆ! ಬ್ರೆಜಿಲ್ ದೇಶದಲ್ಲಿ ನೇರಳೆ ಎಲೆಯ ಕಷಾಯವನ್ನು ರೋಗಿಗಳಿಗೇ ಕೊಟ್ಟು, ಗುಳಿಗೆಯ ಜೊತೆ ಹೋಲಿಸಿದರು. ಗುಳಿಗೆ ನುಂಗಿದವರಿಗೆ ಸಕ್ಕರೆ ಇಳಿಯಿತು, ಕಷಾಯ ಕುಡಿದವರಿಗೆ ಇಳಿಯಲಿಲ್ಲ. ಬೀಜದ ಪುಡಿಯಿಂದ ಅಷ್ಟಿಷ್ಟು ಇಳಿದದ್ದು ಸಣ್ಣ ಪರೀಕ್ಷೆಗಳಲ್ಲಿ ಕಂಡಿದೆ. ಗುಳಿಗೆ ಬಿಡಿಸುವಷ್ಟು ಬಲ ಅದಕ್ಕಿಲ್ಲ.

ನಮ್ಮ ಓಣಿಯ ಒಬ್ಬಾಕೆ ಮೂರು ತಿಂಗಳು ಗುಳಿಗೆ ಬಿಟ್ಟು ರಸವನ್ನೇ ಕುಡಿದರು. ಮೈ ಇಳಿಯಿತು. ಗುಣವಾಗುತ್ತಿದೆ ಅಂದುಕೊಂಡರು. ಸಕ್ಕರೆ ಏರಿದಾಗಲೂ ಮೈ ಇಳಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕಾಲ್ಬೆರಳಿನ ಗಾಯ ಮಾಯಲೇ ಇಲ್ಲ. ರಾಯಚೂರಿಗೆ ಕರೆದೊಯ್ಯುವ ಹೊತ್ತಿಗೆ ತಡವಾಗಿತ್ತು, ಬೆರಳು ತೆಗೆಯಬೇಕಾಯಿತು.

ಬಾಟ್ಲಿ ಕೊಳ್ಳುವವರು ಅದರ ಮೇಲಿನ ಚೀಟಿ ಓದಿರಿ. ಕೆಲವದರಲ್ಲಿ ಸಕ್ಕರೆಯನ್ನೇ ಬೆರೆಸಿರುತ್ತಾರೆ! ರಸ ಸೋಸಿದರೆ ನಾರೂ ಹೋಯಿತು. ಗುಳಿಗೆಯ ಜೊತೆಗೆ ಪುಡಿ ತಿನ್ನುವವರು ಡಾಕ್ಟರಿಗೆ ತಿಳಿಸಿರಬೇಕು. ಸಕ್ಕರೆ ವಿಪರೀತ ಇಳಿದರೆ ಬೆವರು, ನಡುಕ, ಕಣ್ಣು ಕತ್ತಲೆ ಬರುತ್ತದೆ.

ಹಣ್ಣನ್ನು ಹಣ್ಣಾಗಿಯೇ ಒಂದು ಹಿಡಿ ತಿನ್ನಿ, ಉಪ್ಪು ಹಚ್ಚಿಕೊಂಡರೂ ಸರಿ. ಆದರೆ ತಾಟಿನ ಕಡೆಗೂ ನೋಡ್ರಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಭತ್ತ ಹೆಚ್ಚಿತು, ರೊಟ್ಟಿ ಕಮ್ಮಿಯಾಗಿ ಅನ್ನ ಏರಿತು. ಎರಡು ಸಲ ಅನ್ನ ಬಡಿಸಿಕೊಂಡು ಮೇಲೆ ನೇರಲಹಣ್ಣು ತಿಂದರೆ ಏನು ಬಂತು?

ಮೂವತ್ತು ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಪುಕ್ಕಟೆ. ಖಾಲಿ ಹೊಟ್ಟೆಯಲ್ಲಿ 100ರೊಳಗಿದ್ದರೆ ಚಿಂತೆಯಿಲ್ಲ. 100ರಿಂದ 125 ಇದ್ದರೆ ಈಗಲೇ ಎಚ್ಚರ ಬೇಕು. 126 ಅಥವಾ ಅದಕ್ಕೂ ಮೇಲೆ ಎರಡು ಸಲ ಬಂದರೆ ಕಾಯಿಲೆ ಇದೆ ಎಂದೇ ಲೆಕ್ಕ. ಗಂಡ-ಮಕ್ಕಳನ್ನು ಕಳಿಸಿ ತಾವು ಮನೆಯಲ್ಲೇ ಉಳಿಯುವ ತಾಯಂದಿರೇ ಹೆಚ್ಚು. ನೀವೂ ಹೋಗಿರಿ.

ಚಳಿಗಾಲಕ್ಕೆ ನೆಲ್ಲಿಕಾಯಿ ಬರುತ್ತದೆ. ಸಕ್ಕರೆ ಪಾಕದ ಮೊರಬ್ಬ ಬೇಡ, ಚಟ್ನಿ ಮಾಡಿರಿ. ಆರು ನೆಲ್ಲಿಕಾಯಿಯ ಬೀಜ ತೆಗೆದು, ನಾಲ್ಕು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಮಚ ಜೀರಿಗೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ರುಚಿಗೆ ಉಪ್ಪು ಹಾಕಿ ತರಿತರಿಯಾಗಿ ರುಬ್ಬಿ. ಬಿಸಿ ಜೋಳದ ರೊಟ್ಟಿಗೆ ಬಹಳ ಚೆಂದ. ಎರಡು ದಿನದ ಮೇಲೆ ಇಡಬೇಡಿ, ಬಣ್ಣ ಕೆಡುತ್ತದೆ.