ಅಂಗಳದಲ್ಲೊಂದು ಅಡವಿ

ಮೂಡಿಗೆರೆ ತಾಲ್ಲೂಕಿನ ದೇವರಮನೆಯಲ್ಲಿ ಕಾಲಭೈರವೇಶ್ವರನ ಗುಡಿಯ ಸುತ್ತ ಹಸಿರು ಬೆಟ್ಟಗಳು ಹಬ್ಬಿವೆ. ಬೆಟ್ಟದ ನೆತ್ತಿಯಲ್ಲಿ ಹುಲ್ಲುಗಾವಲು. ಕಣಿವೆಯ ಮಡಿಲಲ್ಲಿ ದಟ್ಟವಾದ ಶೋಲಾ ಕಾಡು. ನೆತ್ತಿಯ ಮೇಲೆ ಮರಗಳಿಲ್ಲವೆಂದು ಮರುಗಿ ಅಲ್ಲಿ ಸಸಿ ನೆಡಹೊರಡುವವನು ಉಪಕಾರದ ಹೆಸರಿನಲ್ಲಿ ಅಪಕಾರವನ್ನೇ ಮಾಡಿಯಾನು. ಏಕೆಂದರೆ ಆ ಹುಲ್ಲುಗಾವಲು ಪಾಳುಭೂಮಿಯಲ್ಲ. ತನ್ನದೇ ಆದ ಜೀವಸಂಕುಲವನ್ನು ಪೊರೆಯುವ ನೆಲೆ. ನಿಸರ್ಗದ ಸೇವೆಗೆ ಒಳ್ಳೆಯ ಮನಸ್ಸೊಂದೇ ಸಾಲದು, ತಿಳಿವೂ ಬೇಕು. ಆ ತಿಳಿವನ್ನು ಗಳಿಸಲು ಶಾಲೆಯ ಆವರಣದಲ್ಲಿ ವಿದ್ಯಾರ್ಥಿಗಳೇ ಬೆಳೆಸುವ ವನ್ಯಜೀವಿ ತೋಟಕ್ಕಿಂತ ಉತ್ತಮವಾದ ಸಾಧನವಿಲ್ಲವೆಂಬುದು ನನ್ನ ಅಭಿಪ್ರಾಯ.

ಹೂದೋಟವನ್ನು ನಾವು ನಮ್ಮ ಕಣ್ಣಿನ ಸುಖಕ್ಕಾಗಿ ಮಾಡುತ್ತೇವೆ. ವನ್ಯಜೀವಿ ತೋಟವಾದರೋ ಅಲ್ಲಿಗೆ ಬಂದು ನೆಲಸುವ ಜೀವಿಗಳಿಗಾಗಿ ಇರುವಂಥದು. ಕಾಫಿಗೆ ನೆರಳಾಗಿ ಬೆಳೆಸುವ ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ಆದರೆ ಹಕ್ಕಿಗಳಿಗೆ ಹಣ್ಣು ಕೊಡುವುದಿಲ್ಲ. ನಮ್ಮ ನೆಲದ ಅತ್ತಿಯ ಮರವೊಂದು ಹಣ್ಣು ಬಿಟ್ಟರೆ ಹಕ್ಕಿ, ಬಾವಲಿ, ಅಳಿಲುಗಳಿಗೆಲ್ಲ ಹಬ್ಬ. ಇನ್ನು ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳು ಬದುಕುವುದು ಈಶ್ವರಿಬಳ್ಳಿ ಮತ್ತು ಅದರ ಬಳಗದ ಸಸ್ಯಗಳ ಎಲೆಗಳನ್ನು ತಿಂದು. ಎಲೆ ತೂತಾಯಿತೆಂದು ಹುಳುವನ್ನು ಕೊಂದವನಿಗೆ ಚಿಟ್ಟೆಯ ದರ್ಶನವಾಗದು. ಹರಿದ ಎಲೆಯನ್ನು ಕಂಡು ಸಂತೋಷಪಡುವುದನ್ನು ಈ ತೋಟ ಕಲಿಸುತ್ತದೆ.

ಕೆ. ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವಕ್ಕೆ ನಾಂದಿ ಹಾಡಿದರು. 2001ರಿಂದ ಶಾಲೆಗಳಲ್ಲಿ ರಾಷ್ಟ್ರೀಯ ಹಸಿರು ಪಡೆಯ ಪರಿಸರ ಸಂಘಗಳು ರೂಪುಗೊಂಡವು. ಇವು ಸ್ತುತ್ಯವಾದ ಕಾರ್ಯಗಳೇ ಸರಿ. ಆದರೆ ಸಸಿ ನೆಡುವುದು ಒಂದು ದಿನದ ಕೆಲಸ. ಬೇಸಿಗೆಯಲ್ಲಿ ನೀರು ಹೊರುವುದು, ಲಂಟಾನದ ಪೊದೆಯನ್ನು ಬೇರುಸಹಿತ ಕೀಳುವುದು, ಬಂದುಹೋದ ಹಕ್ಕಿಗಳನ್ನು ಗುರುತಿಸಿ ಬರೆದಿಡುವುದು ವರ್ಷವಿಡೀ ನಡೆಯಬೇಕಾದ ಕೆಲಸ. ನಿಜವಾದ ಸ್ವಯಂಸೇವೆ ಆರಂಭವಾಗುವುದು ಸಮಾರಂಭ ಮುಗಿದ ಮರುದಿನ.

ಇದರಿಂದ ಓದಿನ ಹೊತ್ತು ಹಾಳಾಗುವುದೆಂದು ಕೆಲವು ತಂದೆತಾಯಿಗಳು ಆಕ್ಷೇಪಿಸಬಹುದು. ಆದರೆ ಪರಾಗಸ್ಪರ್ಶವನ್ನು ಹೂವಿನೆದುರು ನಿಂತು ಕಂಡವನು ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಇದೇ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬಾಳಿದ ಪೂರ್ಣಚಂದ್ರ ತೇಜಸ್ವಿಯವರಿಗೆ (1938–2007) ತೋಟ, ಕಾಡುಗಳೇ ಗ್ರಂಥಾಲಯವಾಗಿದ್ದವು. ಹಕ್ಕಿ, ಹುಳುಗಳ ಮೇಲಿನ ಅವರ ಕುತೂಹಲ ಅವರ ಸಾಹಿತ್ಯಕ್ಕೂ ಜೀವ ತುಂಬಿತು.

ಒಂದು ಎಚ್ಚರಿಕೆಯ ಮಾತು ಅಗತ್ಯ. ತಪ್ಪು ಮಾಡಿದ ಹುಡುಗನಿಗೆ ಕಳೆ ಕೀಳುವ ಶಿಕ್ಷೆ ವಿಧಿಸಿದರೆ ಅವನಿಗೆ ಮಣ್ಣೇ ಶತ್ರುವಾಗುತ್ತದೆ. ಅಂಕದ ಆಸೆ ತೋರಿಸಿದರೆ ಅಂಕ ದೊರೆತೊಡನೆ ಕೆಲಸ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಬಲವಂತವೂ ಬೇಡ, ಬಹುಮಾನವೂ ಬೇಡ, ಮನಸ್ಸಿದ್ದವರು ಬರಲಿ. ಐದೇ ಮಂದಿಯಾದರೂ ಸಾಕು.

ಪಶ್ಚಿಮಘಟ್ಟದ 39 ತಾಣಗಳನ್ನು 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಯಿಂದಷ್ಟೇ ಕಾಡು ಉಳಿಯದು. ಅದರ ಅರಿವುಳ್ಳ ನೆರೆಹೊರೆಯವರಿಂದ ಉಳಿಯುತ್ತದೆ. ಅಂಗಳದ ಒಂದು ಬಳ್ಳಿಯನ್ನು ಅರಿತು ಕಾಪಾಡಿದ ವಿದ್ಯಾರ್ಥಿಯು ನಾಳೆ ಬೆಟ್ಟವನ್ನೂ ಅರಿತು ಕಾಪಾಡಬಲ್ಲನು.